ನಾಲ್ಕು ದಿನದ ಬರಿ ಉಂಡೆ

ಕೈ ಮೊಣಕೈವರೆಗೆ ಬಿಲದೊಳಗೆ ಹೋಗಿತ್ತು. ಒಳಗೆ ಒಂದು ಹಿಡಿ ಭತ್ತದ ತೆನೆ ಸಿಕ್ಕಿತು, ಎಳೆದೆ. ಇನ್ನೊಂದು ಹಿಡಿ ಸಿಕ್ಕಿತು, ಅದನ್ನೂ ಎಳೆದೆ. ಮೂರನೇ ಸಲ ಕೈ ಹಾಕಿದಾಗ ಇಲಿ ಹೆಬ್ಬೆರಳು ಕಚ್ಚಿ ಹಿಡಿಯಿತು. ಬಿಡಲಿಲ್ಲ. ಕೈ ಹೊರಗೆ ಎಳೆದರೆ ಅದೂ ಜೊತೆಗೇ ಬಂತು. ಬದುವಿಗೆ ಬಡಿದೆ. ಸತ್ತ ಮೇಲೂ ಬಡಿದೆ. ನಮ್ಮಕ್ಕ ಸಾಕಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನಾನು ಎಳೆದು ಹಾಕಿದ ತೆನೆಯ ಮಣ್ಣು ಕೊಡವಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು.

"ಸತ್ತೋಗದೆ, ಬುಡ್ಲಾ," ಅಂದಳು. "ಮೊದ್ಲು ಬೆಳ್ಳು ತೊಳ್ಕೊ."

ನಾನು ತೊಳೆದುಕೊಳ್ಳಲಿಲ್ಲ. ಗುದ್ದಲಿ ತಗೊಂಡು ಮುಂದಿನ ಬಿಲ ಅಗೆದೆ. ನಮ್ಮ ಗದ್ದೆಯಲ್ಲಿ ಬೆಳೆದ ಭತ್ತವನ್ನು ಇಲಿಯ ಬಾಯಿಂದ ಕಿತ್ತು ಅಕ್ಕನ ಮಡಿಲಿಗೆ ಹಾಕುವ ಗತಿ ಬಂದಿತ್ತು. ಅದು ಸುಗ್ಗಿ.

ಆ ಗಾಯದ ಕಲೆ ಈಗಲೂ ಹೆಬ್ಬೆರಳಿನ ಮೇಲಿದೆ. ಅದನ್ನು ನೋಡಿದರೆ ನನಗೆ ಏನೂ ಆಗುವುದಿಲ್ಲ. ಬೆಳ್ಳುಳ್ಳಿ ವಾಸನೆ ಬಂದರೆ ಮಾತ್ರ ಆಗುತ್ತದೆ. ಹೋದ ತಿಂಗಳು ಮಳವಳ್ಳಿ ಕಡೆ ಅಕ್ಕನ ಗಂಡನ ಮನೆಗೆ ಹೋಗಿದ್ದೆ. ಅಕ್ಕ ಬಸ್ಸಾರಿಗೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿದಳು. ನಾನು ಎಲೆ ಮುಂದಿಂದ ಎದ್ದು ಹೊರಗೆ ಬಂದೆ. ಅವಳ ಗಂಡ ನಾನು ಅವನ ಮೇಲಿನ ಕೋಪಕ್ಕೆ ಎದ್ದೆ ಅಂದುಕೊಂಡ. ಅವನ ಮೇಲೆ ಕೋಪ ಇದೆ, ಆದರೆ ಎದ್ದದ್ದು ಅದಕ್ಕಲ್ಲ. ಇಲಿ ಪಾಷಾಣದ ವಾಸನೆ ಥೇಟ್ ಬೆಳ್ಳುಳ್ಳಿ ವಾಸನೆ. ಕಪ್ಪು ಪುಡಿ. ಎಷ್ಟು ಸೀಗೆಪುಡಿ ಹಾಕಿ ತೊಳೆದರೂ ಕೈಯಿಂದ ಹೋಗುವುದಿಲ್ಲ. ಅವತ್ತಿಂದ ಆ ವರ್ಷ ತಲೆಯಲ್ಲಿ ಕೂತಿದೆ. ಬರೆದು ಬಿಸಾಕೋಣ ಅಂತ ಬರೆಯುತ್ತಿದ್ದೇನೆ. ನಾನು ಓದಿದ್ದು ಆರನೇ ಕ್ಲಾಸು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ಸರ್ಕಾರದವರು ಮಕ್ಕಳಾಗದ ಆಪರೇಷನ್ನಿಗೆ ಜನ ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ ವರ್ಷ. ನಮ್ಮೂರು ಕೆರಗೋಡಿನಿಂದ ಎರಡು ಮೈಲಿ ಒಳಗೆ. ಆ ವರ್ಷ ಯುಗಾದಿಗೆ ಮುಂಚೆ ಅಕ್ಕ ಎರಡು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದು ನಡೆದುಕೊಂಡು ಬಂದಳು. ಎಡಗಿವಿ ಹರಿದಿತ್ತು. ಓಲೆ ಸಮೇತ ಎಳೆದಿದ್ದ ಅವಳ ಗಂಡ. ಅವ್ವ ಇದ್ದಿದ್ದರೆ ಬೇರೆ ಮಾತು, ಅವ್ವ ಸತ್ತು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ನಾನು, ಅಣ್ಣ, ಅತ್ತಿಗೆ. ಅಕ್ಕ ಉಣ್ಣಲು ಕೂತಾಗ ಅತ್ತಿಗೆ ಪಾತ್ರೆ ಕುಕ್ಕುತ್ತಿದ್ದಳು, ಅಷ್ಟೇ.

ಹಬ್ಬ ಕಳೆದ ಮೇಲೆ ಅಕ್ಕನ ಮಾವ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದ. ಜಗಲಿ ಮೇಲೆ ಕೂತು ಕಾಫಿ ಕುಡಿದು ನ್ಯಾಯ ಮಾಡಿದರು. ಅಕ್ಕ ಬಾಗಿಲ ಹಿಂದೆ ನಿಂತು, ನಾನು ಬರಲ್ಲ, ಕೂಲಿ ಮಾಡಿಕೊಂಡು ಇಲ್ಲೇ ಇರುತ್ತೇನೆ ಅಂದಳು. ಗೌಡರ ಮನೆ ಮಗಳು ಊರಲ್ಲೇ ಕೂಲಿಗೆ ಹೋದರೆ ನಮ್ಮ ಮರ್ಯಾದೆ ಏನಾಗಬೇಕು ಅಂತ ಅಣ್ಣ ಹಾರಾಡಿದ. ಅಪ್ಪ ಅಗಿಯುತ್ತಿದ್ದ ಎಲೆ ಅಡಿಕೆ ಉಗಿದು ಒಂದು ಮಾತು ಹೇಳಿದ.

"ನಾಲೆ ಕೊನೆ ಗದ್ದೆ ಈ ಬೆಳೆಗೆ ಅವ್ಳಿಗೆ ಬುಟ್ಟಿವ್ನಿ. ಅರ್ಧ ಎಕರೆ ಅದೆ. ಎಂಟು ಪಲ್ಲ ಭತ್ತ ಬೆಳ್ದು ಮನೆಗೆ ತಂದ್ರೆ ಅವ್ಳ ಕೂಳು ಅವ್ಳು ಉಣ್ತಾಳೆ, ಗದ್ದೆ ಅವ್ಳಿಗೇ ಇರ್ಲಿ, ಯಾರೂ ಮಾತಾಡಂಗಿಲ್ಲ. ಅಷ್ಟು ಬರ್ನಿಲ್ವ, ನಾನೇ ಕರ್ಕಬಂದು ನಿಮ್ಮನೆಗೆ ಬುಡ್ತೀನಿ."

ಎಲ್ಲರೂ ಒಪ್ಪಿದರು. ಅಕ್ಕನೂ ಒಪ್ಪಿದಳು. ಆ ಗದ್ದೆಯಲ್ಲಿ ನೀರು ಸರಿಯಾಗಿ ಬಂದರೆ ಹತ್ತು ಪಲ್ಲಕ್ಕೆ ಮೋಸ ಇಲ್ಲ. ನೂರು ಸೇರಿನ ಪಲ್ಲ ಎಂಟು. ಒಬ್ಬ ಹೆಂಗಸು ಒಂದು ಮಗು ಉಂಡು, ಉಪ್ಪು ಸೀಮೆಎಣ್ಣೆಗೂ ಆಗುತ್ತದೆ. ಅಪ್ಪನಿಗೆ ಮಗಳನ್ನು ಇಟ್ಟುಕೊಳ್ಳುವ ಮನಸ್ಸಿತ್ತು, ಬಾಯಿಬಿಟ್ಟು ಹೇಳುವ ಎದೆ ಇರಲಿಲ್ಲ. ಭತ್ತ ಹೇಳಲಿ ಅಂತ ಬಿಟ್ಟ. ಈಗ ಯೋಚನೆ ಮಾಡಿದರೆ ಅದಕ್ಕೇ ಜಾಸ್ತಿ ಸಿಟ್ಟು ಬರುತ್ತದೆ.

ನಾನು ಅಕ್ಕನ ಜೊತೆ ನಿಂತೆ. ನಾಲೆಯಲ್ಲಿ ನೀರು ಬಿಟ್ಟ ದಿನವೇ ಉತ್ತೆ. ಜಯ ಭತ್ತದ ಪೈರು ಹಾಕಿದ್ದೆವು. ಮಗಳನ್ನು ಹೊಂಗೆಮರದ ನೆರಳಲ್ಲಿ ಬಿಟ್ಟು ಅಕ್ಕ ಕೆಸರಿಗಿಳಿದು ನಾಟಿ ಹಾಕಿದಳು. ಬೇರೆಯವರ ಗದ್ದೆ ಮುಯ್ಯಾಳಾಗಿ ನೆಟ್ಟುಕೊಟ್ಟು, ತನ್ನ ಗದ್ದೆಗೆ ಆಳು ಕರೆದಳು. ಆಷಾಢ ಪೂರ್ತಿ ಅವಳ ಕಾಲುಬೆರಳ ಸಂದಿ ಕೊಳೆತಿತ್ತು. ಅರಿಶಿನ ಮೆತ್ತಿಕೊಂಡು ಮತ್ತೆ ಇಳಿಯುತ್ತಿದ್ದಳು. ಶ್ರಾವಣಕ್ಕೆ ಪೈರು ತೆಂಡೆ ಒಡೆದು ಕರ್ರಗೆ ಎದ್ದಿತು. ನೋಡಿದವರ ಕಣ್ಣು ಬೀಳುತ್ತದೆ ಅಂತ ಬದುವಿನ ಮೇಲೆ ಹಳೆ ಮೊರ ನೆಟ್ಟಳು.

ಕಣ್ಣು ಬಿದ್ದದ್ದು ಇಲಿಯದು.

ಆಗ ಬೇಸಾಯದ ವಿಷಯ ಹೇಳಿಕೊಡಲು ಗ್ರಾಮಸೇವಕ ಒಬ್ಬ ಬರುತ್ತಿದ್ದ. ಮಂಡ್ಯ ಪೇಟೆಯವನು, ಮೇಷ್ಟರ ಮಗ, ಸೈಕಲ್ಲು, ತೆಳ್ಳಗೆ ಕಡ್ಡಿ ಹಾಗಿದ್ದ. ಬದುವಿನ ಮೇಲೆ ಹೊಸ ಮಣ್ಣು ಗುಪ್ಪೆಯಾಗಿರುವುದನ್ನು ತೋರಿಸಿ, ಇದು ಬಿಲ, ಈಗಲೇ ನೋಡಿಕೊಳ್ಳದಿದ್ದರೆ ಹೊಡೆ ಕಟ್ಟಿ ತೆನೆ ಬರುವ ಹೊತ್ತಿಗೆ ಕೆಟ್ಟಿರಿ ಅಂದ. ಅರಳಿಕಟ್ಟೆ ಹತ್ತಿರ ಜನ ಸೇರಿಸಿ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಲೆಕ್ಕ ಹೇಳಿದ. ಎರಡು ಇಲಿ. ಮೂರು ವಾರಕ್ಕೆ ಆರೋ ಎಂಟೋ ಮರಿ. ತಾಯಿ ಬಾಣಂತನ ಮುಗಿಸಿಕೊಳ್ಳುವುದಿಲ್ಲ, ಆಗಲೇ ಮತ್ತೆ ಬಸಿರು. ಎರಡು ಮೂರು ತಿಂಗಳಿಗೆ ಮೊದಲ ಮರಿಗಳೂ ಹೆರಲು ತಯಾರು. ಹೊಟ್ಟೆಗೆ ಹಾಲುಗಾಳು ಸಿಕ್ಕ ಕಾಲದಲ್ಲಿ ಹೆಚ್ಚು ಹಾಕುತ್ತವೆ. ಕೂಡಿಸುವ ಲೆಕ್ಕ ಅಲ್ಲ ಇದು, ಗುಣಿಸುವ ಲೆಕ್ಕ ಅಂದ. ಗೀಚಿದ್ದು ಕಟ್ಟೆ ಸುತ್ತಿ ಬಂತು.

ನಮ್ಮ ಗದ್ದೆಯ ಬಡಗಲ ಪಕ್ಕ ಕಬ್ಬು ಹಾಕಿದ್ದ ಬೋರಣ್ಣ ಎದ್ದು ಕೈಮುಗಿದ. ಊರಲ್ಲಿ ಗಣಪತಿ ಕೂರಿಸುವವನೂ ಅವನೇ, ನಾಟಕ ಆಡಿಸುವವನೂ ಅವನೇ.

"ಸಾಮಿ, ನಮ್ಗೆ ಆಪರೇಸನ್ ಮಾಡ್ಸೋದು ಬುಟ್ಬುಟ್ಟು ಮೊದ್ಲು ಇಲಿಗೊಳ್ಗೆ ಮಾಡ್ಸಿ. ಪುಣ್ಯ ಬತ್ತದೆ."

ಊರೆಲ್ಲ ನಕ್ಕಿತು. ನಾನೂ ನಕ್ಕೆ. ಗ್ರಾಮಸೇವಕನೂ ನಕ್ಕು, ಆಮೇಲೆ ಎರಡು ವಿಷಯ ಹೇಳಿದ. ಒಂದು, ಊರಿನ ಎಲ್ಲ ಗದ್ದೆಗೂ ಒಂದೇ ದಿನ ಔಷಧಿ ಇಡಬೇಕು. ಒಬ್ಬ ಇಟ್ಟು ಒಬ್ಬ ಬಿಟ್ಟರೆ ಸತ್ತ ಇಲಿಯ ಬಿಲಕ್ಕೆ ಪಕ್ಕದ ಗದ್ದೆಯ ಇಲಿ ಸಂಸಾರ ಹೂಡುತ್ತದೆ. ಎರಡು, ಮೊದಲು ನಾಲ್ಕು ದಿನ ಔಷಧಿ ಇಲ್ಲದೆ ಬರಿ ಉಂಡೆ ಇಡಬೇಕು. ಅಕ್ಕಿಹಿಟ್ಟು, ಬೆಲ್ಲ, ವಸಿ ಕಡಲೆಕಾಯಿ ಎಣ್ಣೆ. ಇಲಿ ಅನುಮಾನದ ಪ್ರಾಣಿ. ಹೊಸದನ್ನು ಒಂದು ಚೂರು ಕಚ್ಚಿ ನೋಡಿ ಬಿಡುತ್ತದೆ. ನಾಲ್ಕು ದಿನ ತಿಂದು ನಂಬಿಕೆ ಬಂದರೆ ಐದನೇ ದಿನ ಹೊಟ್ಟೆ ತುಂಬ ತಿನ್ನುತ್ತದೆ.

ಎಲ್ಲ ಸರಿ, ಗಣಪತಿ ಬಿಡೋವರೆಗೂ ಇಲಿ ಮುಟ್ಟೋ ಹಾಗಿಲ್ಲ ಅಂದ ಬೋರಣ್ಣ. ಇನ್ನು ಎಂಟು ದಿನಕ್ಕೆ ಹಬ್ಬ. ದೇವರನ್ನು ಕೂರಿಸಿಕೊಂಡು ಅವನ ವಾಹನಕ್ಕೆ ವಿಷ ಹಾಕುವುದೇ? ಹಿರಿಯರೆಲ್ಲ ತಲೆ ಆಡಿಸಿದರು. ಗ್ರಾಮಸೇವಕ ಐದು ದಿನಕ್ಕೆ ಬಿಡುತ್ತೀರಲ್ಲ, ಬಿಟ್ಟ ಮಾರನೇ ದಿನ ಶುರು ಮಾಡೋಣ ಅಂದು ಸೈಕಲ್ ಹತ್ತಿದ. ಪೇಟೆಯವನು, ನಮ್ಮೂರ ಗಣಪತಿ ಗೊತ್ತಿರಲಿಲ್ಲ ಅವನಿಗೆ.

ನಮ್ಮೂರಲ್ಲಿ ಗಣಪತಿ ಬಿಡುವ ದಿನ ನಾಟಕ ಆಗಬೇಕು. ನಾಟಕ ಆಗದೆ ಗಣಪತಿ ಏಳುವುದಿಲ್ಲ. ಆ ವರ್ಷ ಗದೆ ಹಿಡಿಯುವ ಪಾರ್ಟು ಬೋರಣ್ಣನದು. ಅವನಿಗೆ ಹಾಡುವ ಕಂದಪದ್ಯ ಬಾಯಿಗೆ ಬರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಮದ್ದೂರಿನವರು, ಬೇರೆ ಊರಿನ ನಾಟಕ ಒಪ್ಪಿಕೊಂಡು ಹತ್ತು ದಿನ ಬರಲಿಲ್ಲ. ಬಂದ ಮೇಲೆ ಹೆಣ್ಣು ಪಾರ್ಟಿನವನಿಗೆ ಜ್ವರ. ಆಮೇಲೆ ಸೀನರಿ ಸಿಗಲಿಲ್ಲ. ಐದು ದಿನ ಹದಿನೈದಾಯಿತು, ಹದಿನೈದು ಹೋಗಿ ಒಂದು ತಿಂಗಳೂ ದಾಟಿತು. ಗಣಪತಿಯ ಬಣ್ಣ ಬಿರುಕು ಬಿಟ್ಟಿತು. ದಿನಾ ಸಂಜೆ ಭಜನೆ ಮನೆಯಲ್ಲಿ ಬೋರಣ್ಣ ಗದೆ ಎತ್ತಿಕೊಂಡು ಕಿರುಚುತ್ತಿದ್ದ. ಅತ್ತ ನಮ್ಮ ಗದ್ದೆಯಲ್ಲಿ ಗುಣಿಸುವ ಲೆಕ್ಕ ನಡೆಯುತ್ತಿತ್ತು.

ಹೊಡೆ ಕಟ್ಟಿದ ಪೈರನ್ನು ಇಲಿ ಬುಡದಲ್ಲಿ ಓರೆಯಾಗಿ ಕಡಿಯುತ್ತದೆ, ಕುಡುಗೋಲು ಹಾಕಿದ ಹಾಗೆ. ತಿನ್ನುವುದು ಒಳಗಿನ ಎಳೆ ತೆನೆ, ವಸಿ. ಕೆಡಿಸುವುದೇ ಜಾಸ್ತಿ. ಒಂದು ದಿನ ಬೆಳಿಗ್ಗೆ ಕಳೆ ಕೀಳಲು ಇಳಿದ ನಾನು ಹಾಗೆ ಕಡಿದ ಹತ್ತು ಬುಡ ಕಂಡೆ. ನಾಲ್ಕು ದಿನ ಬಿಟ್ಟು ನೋಡಿದರೆ ಒಂದು ಚಾಪೆಯಗಲ. ಅವತ್ತೇ ಕೆರಗೋಡಿಗೆ ಹೋಗಿ ಗ್ರಾಮಸೇವಕನ ರೂಮಿನ ಬಾಗಿಲು ಬಡಿದೆ. ಊರಿನವರು ಬರುವವರೆಗೆ ಕಾಯಲು ಆಗಲ್ಲ, ಕೊಡಿ ಅಂದೆ. ಅವನು ಹಿಂದೆಮುಂದೆ ನೋಡಿ ಒಂದು ಪೊಟ್ಟಣ ಕೊಟ್ಟ. ಒಬ್ಬನೇ ಇಟ್ಟರೆ ಅರ್ಧ ಕೆಲಸ, ಅದಾದರೂ ಸರಿಯಾಗಿ ಮಾಡು, ನಾಲ್ಕು ದಿನ ಬರಿ ಉಂಡೆ, ಮರೀಬೇಡ ಅಂತ ಎರಡು ಸಲ ಹೇಳಿದ.

ನಾನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದರೆ ಅಕ್ಕನ ಮಗು ಅನ್ನ ಬೇಕು ಅಂತ ಅಳುತ್ತಿತ್ತು. ಅತ್ತಿಗೆ, ಅನ್ನ ಹಬ್ಬಕ್ಕೆ ಕಣಮ್ಮ ಅಂತ ರಾಗಿಮುದ್ದೆ ಮುರಿದು ಅದರ ತಟ್ಟೆಗೆ ಹಾಕಿದಳು. ನಾನು ಅಕ್ಕಿಹಿಟ್ಟು ಕೇಳಿ ಇಸಕೊಂಡು ಹಿತ್ತಿಲಿಗೆ ಹೋದೆ. ಎರಡು ಸೇರು ಹಿಟ್ಟು. ಅಷ್ಟು ಹಿಟ್ಟನ್ನು ಬೆಲ್ಲ ಎಣ್ಣೆ ಹಾಕಿ ಕಲಸಿ ನಾಲ್ಕು ದಿನ ಇಲಿಗೆ ಬಡಿಸುವುದೇ? ಮೈ ಉರಿಯಿತು. ಪೊಟ್ಟಣ ಹರಿದು ಆಗಲೇ ಸುರಿದೆ. ಕಡ್ಡಿಯಲ್ಲಿ ಕಲಸಿದೆ. ಬೆಳ್ಳುಳ್ಳಿ ಘಮ್ ಅಂತು. ಅಕ್ಕ ಬಾಗಿಲಿಗೆ ಬಂದಳು.

"ನಾಕು ದಿನ ಬರಿ ಉಂಡೆ ಇಕ್ಕು ಅಂದಿದ್ರಲ್ವೇನ್ಲಾ ಅವ್ರು?"

"ಯಾಕೆ, ಇಲಿಗೆ ಬೀಗ್ರೂಟ ಮಾಡ್ಲಾ? ಇವತ್ತೇ ಸಾಯ್ಲಿ ಬುಡು."

"ಓದ್ದೋರು ಯೋಳವ್ರೆ ಕಣ್ಲಾ. ಏನೋ ಇರ್ತದೆ."

"ನೀನು ಒಳಿಕ್ಕೋಗು," ಅಂದೆ.

ಹೋದಳು. ಅವಳು ಯಾವಾಗಲೂ ಹೋಗುತ್ತಾಳೆ. ಅಷ್ಟು ಹೊತ್ತು ನಿಂತು ಎರಡನೇ ಮಾತು ಆಡಿದ್ದೇ ಹೆಚ್ಚು.

ಬಿಲದ ಬಾಯಿಗೆಲ್ಲ ಉಂಡೆ ಇಟ್ಟು ಬಂದೆ. ಬೆಳಿಗ್ಗೆ ಹನ್ನೊಂದು ಇಲಿ ಸತ್ತು ಬಿದ್ದಿದ್ದವು. ಬಾಲ ಹಿಡಿದು ತಂದು ಬದುವಿನ ಮೇಲೆ ಸಾಲಾಗಿ ಮಲಗಿಸಿದೆ. ದಾರಿಯಲ್ಲಿ ಹೋಗುವವರಿಗೆ ಕೂಗಿ ತೋರಿಸಿದೆ. ಬೋರಣ್ಣ ಬಂದು, ಊರಲ್ಲಿ ದೇವರು ಕೂತಿರುವಾಗ ಇಂಥ ಕೆಲಸ ಮಾಡಿದ್ದೀಯ, ಊರಿಗೇ ಕೇಡು ಅಂದ. ನಿನ್ನ ಗದೆ ತಗೊಂಡು ಬಾ, ಉಳಿದವನ್ನು ನೀನು ಹೊಡಿ ಅಂದೆ. ಅಪ್ಪ ಬಂದು ನನ್ನ ಕೆನ್ನೆಗೆ ಬಾರಿಸಿ ಅವನ ಹತ್ತಿರ ತಪ್ಪಾಯಿತು ಅಂದ. ನನಗೆ ಅದೂ ನೋಯಲಿಲ್ಲ. ಹನ್ನೊಂದು ಸತ್ತಿದ್ದವಲ್ಲ.

ಸಾಯದೆ ಉಳಿದ ಇಲಿಗಳ ಲೆಕ್ಕ ನನಗೆ ಹೊಳೆಯಲೇ ಇಲ್ಲ. ಅವು ಒಂದೊಂದು ಚೂರು ಕಚ್ಚಿ, ಹೊಟ್ಟೆ ನೊಂದು, ಬದುಕಿಕೊಂಡಿದ್ದವು. ಎರಡನೇ ದಿನ ಇಟ್ಟ ಉಂಡೆ ಇಟ್ಟ ಹಾಗೇ ಇತ್ತು. ಮೂರನೇ ದಿನವೂ ಅಷ್ಟೆ. ಐದನೇ ದಿನಕ್ಕೆ ಉಂಡೆಯ ಮೇಲೆ ಬೂಷ್ಟು ಬಂತು. ಅದರ ಪಕ್ಕದಲ್ಲೇ ಹೊಸದಾಗಿ ಕಡಿದ ಪೈರು. ಗ್ರಾಮಸೇವಕ ಬಂದು ಉಂಡೆಯನ್ನು ಕಡ್ಡಿಯಲ್ಲಿ ಹೊರಳಿಸಿ ನೋಡಿದ. ನಾಲ್ಕು ದಿನ ಇಟ್ಟೆಯಾ ಅಂತ ಕೇಳಿದ. ಇಲ್ಲ ಅಂದೆ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಇನ್ನು ಈ ಬೆಳೆ ಮುಗಿಯುವವರೆಗೆ ಇವು ಇದನ್ನು ಮೂಸುವುದಿಲ್ಲ ಅಂತ ಮಾತ್ರ ಹೇಳಿದ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರ ಆಗುತ್ತಿದ್ದೆ.

ಕೊನೆಗೆ ನಾಟಕ ಆಯಿತು. ಬೋರಣ್ಣ ಕಂದ ಮರೆತು ಗದೆ ತಿರುಗಿಸಿದ, ಜನ ಶಿಳ್ಳೆ ಹೊಡೆದರು. ಗಣಪತಿ ಕೆರೆಗೆ ಹೋಯಿತು. ಮಾರನೇ ದಿನ ಗ್ರಾಮಸೇವಕ ಊರಲ್ಲೇ ಬಿಡಾರ ಮಾಡಿ, ನಿಂತು ಕೆಲಸ ಮಾಡಿಸಿದ. ನಾಲ್ಕು ದಿನ ಬರಿ ಉಂಡೆ. ಐದನೇ ದಿನ ಔಷಧಿ. ಆರನೇ ದಿನ ಬೆಳಿಗ್ಗೆ ಕುಕ್ಕೆಯಲ್ಲಿ ತುಂಬಿ ತುಂಬಿ ತಂದು ಸುರಿದರು. ನಕ್ಕವರು, ಕಾಯಿಸಿದವರು, ಇಲಿಗೆ ಕೈಮುಗಿದವರು, ಎಲ್ಲರ ಗದ್ದೆಯಲ್ಲೂ ಇಲಿ ಸತ್ತವು. ನಮ್ಮಕ್ಕನ ಗದ್ದೆಯಲ್ಲಿ ಒಂದೂ ಸಾಯಲಿಲ್ಲ. ಊರಿಗೆಲ್ಲ ಮುಂಚೆ ಕೈ ಹಾಕಿದವನು ನಾನು. ಉಂಡೆಯ ವಿದ್ಯೆಯನ್ನು ನಮ್ಮ ಇಲಿಗೆ ಕಲಿಸಿದವನೂ ನಾನೇ.

ಅದರ ಮೇಲೆ ಬೋರಣ್ಣನ ಕಬ್ಬು ಕಡಿಯುವ ಸರದಿ ಬಂತು. ಒಂದು ವಾರದಲ್ಲಿ ಅವನ ಎರಡು ಎಕರೆ ಬಯಲಾಯಿತು. ಕಬ್ಬಿನ ತರಗಿನಲ್ಲಿ ಅಡಗಿ ಉಳಿದಿದ್ದವು ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿ ನಿಂತ ಭತ್ತ ನಮ್ಮದೊಂದೇ. ಕಡಿಯುವ ಆಳುಗಳ ಮುಂದೆಯೇ ಬದು ದಾಟಿಕೊಂಡು ಬಂದವು. ದೊಣ್ಣೆ ಹಿಡಿದು ಓಡಾಡಿದೆ. ನಾಲ್ಕು ಹೊಡೆದರೆ ಹತ್ತು ನುಗ್ಗಿದವು.

ಇನ್ನೊಂದು ಮಾತು. ಇಲಿ ಗದ್ದೆಯ ಅಂಚಿನಿಂದ ತಿನ್ನುವುದಿಲ್ಲ. ನಡುವೆ ಹೋಗಿ ಕೂತು ಸುತ್ತ ಕಡಿಯುತ್ತದೆ. ಅಂಚಿನ ನಾಲ್ಕು ಸಾಲು ಹಾಗೇ ನಿಲ್ಲುತ್ತದೆ. ಬದುವಿನ ಮೇಲೆ ನಿಂತು ನೋಡಿದವರಿಗೆ ನಮ್ಮ ಗದ್ದೆ ಊರಿಗೇ ಚೆನ್ನಾಗಿತ್ತು. ತೆನೆ ಬಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಅಪ್ಪ ಒಂದು ದಿನ ಬದುವಿನ ಮೇಲೆ ನಿಂತು, ಎಂಟಲ್ಲ, ಹತ್ತು ಪಲ್ಲ ಆಗುತ್ತದೆ ಅಂದ. ಅವನು ಅಷ್ಟು ಖುಷಿಯಾಗಿದ್ದನ್ನು ಅವ್ವ ಸತ್ತ ಮೇಲೆ ನಾನು ನೋಡಿರಲಿಲ್ಲ. ಅಕ್ಕ ಒಂದು ಹೊಸ ಕುಡುಗೋಲು ಮಾಡಿಸಿಕೊಂಡಳು. ನಡುವಿನ ಬೋಳು ನೋಡಿದ್ದವನು ನಾನೊಬ್ಬ. ನೀರು ಕಟ್ಟುವುದು, ಒಳಗೆ ಇಳಿಯುವುದು ನನ್ನ ಕೆಲಸ ಅಂತ ಅವಳನ್ನು ಬದುವಿನಲ್ಲೇ ನಿಲ್ಲಿಸುತ್ತಿದ್ದೆ. ಹೇಳಬೇಕಿತ್ತು. ಹೇಳಿದ್ದರೆ ಪೂರ್ತಿ ಬಲಿಯುವ ಮುಂಚೆಯೇ ಕೊಯ್ದು ಅರ್ಧವಾದರೂ ಉಳಿಸಬಹುದಿತ್ತೋ ಏನೋ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡೆ. ಇಲಿಗೆ ನಾಲ್ಕು ದಿನ ಕಾಯದವನು ಇದಕ್ಕೆ ಇಪ್ಪತ್ತು ದಿನ ಕಾದೆ.

ಕೊಯ್ಲಿನ ದಿನ ಐದು ಹೆಂಗಸರು ಸಾಲಾಗಿ ಬಗ್ಗಿದರು. ಹಾಡು ಶುರುವಾಯಿತು. ನಾಲ್ಕು ಸಾಲು ಕೊಯ್ದು ಮುಂದಕ್ಕೆ ಕೈ ಚಾಚಿದವರಿಗೆ ಏನೂ ಸಿಗಲಿಲ್ಲ. ಒಬ್ಬೊಬ್ಬರೇ ನೆಟ್ಟಗೆ ನಿಂತರು. ಹಾಡು ನಿಂತಿತು. ನಡುವೆ ಪೂರ್ತಿ ಮುಡಿ ಕೊಟ್ಟ ತಲೆ ಹಾಗೆ. ಕಡಿದು ಬಿದ್ದು ಕಪ್ಪಾದ ಹುಲ್ಲು, ಅದರ ನಡುವೆ ಬಿಲ. ಅಕ್ಕ ಗದ್ದೆ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು. ನಾನು ಕೆಳಗೆ ನೋಡಿದೆ. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು.

ಬಿಲ ಅಗೆಯೋಣ ಅಂದವಳು ಅವಳೇ. ಮೂರು ದಿನ ಅಗೆದೆವು. ನನ್ನ ಬೆರಳು ಕಚ್ಚಿಸಿಕೊಂಡದ್ದು ಆಗ. ಅಂಚಿನದು, ಬಿಲದ್ದು, ಎಲ್ಲ ಬಡಿದು ತೂರಿ ಕಣದಲ್ಲಿ ರಾಶಿ ಮಾಡಿದರೆ ಮೂರು ಪಲ್ಲಕ್ಕೆ ಹತ್ತು ಸೇರು ಕಮ್ಮಿ. ಅಪ್ಪ ಎರಡು ಸಲ ಅಳೆದ. ಎರಡನೇ ಸಲ ಸೇರಿನ ತಲೆ ಬೆರಳಿಂದ ಗೀರದೆ ಹಾಗೇ ಗೋಪುರ ಬಿಟ್ಟು ಅಳೆದ, ಲೆಕ್ಕ ಇನ್ನೂ ಕಮ್ಮಿಯಾಯಿತು. ಆ ಮನುಷ್ಯನಿಗೆ ಹೆಚ್ಚು ಮಾಡಬೇಕಿತ್ತೋ ಕಮ್ಮಿ ಮಾಡಬೇಕಿತ್ತೋ ಅದೇ ಗೊತ್ತಾಗಲಿಲ್ಲ. ನಾನು ನಿಂತುಕೊಂಡು ಹೇಳಿದೆ, ತಪ್ಪು ನನ್ನದು, ಇವಳು ಗೆಯ್ಮೆಯಲ್ಲಿ ಕಮ್ಮಿ ಮಾಡಿಲ್ಲ, ಇನ್ನೊಂದು ಬೆಳೆ ಬಿಡು.

"ಮಾತು ಕೊಟ್ಟಿವ್ನಿ ಕಣ್ಲಾ," ಅಂದ ಅಪ್ಪ.

"ಇಲಿ ಕೊಟ್ಟಿತ್ತೇನಪ್ಪ ಮಾತ?"

ಅಪ್ಪ ಸೇರು ಎತ್ತಿಕೊಂಡು ಒಳಗೆ ಹೋದ. ಉತ್ತರ ಕೊಟ್ಟವನು ಅಣ್ಣ, ಅದನ್ನು ಬರೆಯಲ್ಲ. ಸಂಕ್ರಾಂತಿ ಆದ ಮೇಲೆ ಅಪ್ಪನೇ ಅಕ್ಕನನ್ನು ಮಗುವನ್ನು ಮಳವಳ್ಳಿ ಬಸ್ಸಿಗೆ ಹತ್ತಿಸಿಕೊಂಡು ಹೋದ. ಅಕ್ಕ ಆ ಹೊಸ ಕುಡುಗೋಲು ಬಾಗಿಲ ಮೇಲಿನ ಸಂದಿಗೆ ಸಿಕ್ಕಿಸಿ ಹೋದಳು. ಆ ಗದ್ದೆ ಈಗ ಅಣ್ಣ ಮಾಡುತ್ತಾನೆ. ಒಳ್ಳೆ ಬೆಳೆ ಬರುತ್ತದೆ.

ಹೋದ ತಿಂಗಳು ಎಲೆ ಬಿಟ್ಟು ಎದ್ದು ಹೊರಗೆ ಬಂದೆ ಅಂದೆನಲ್ಲ, ಸ್ವಲ್ಪ ಹೊತ್ತಿಗೆ ಅಕ್ಕ ಹಿಂದಿನಿಂದ ಬಂದಳು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಸಣ್ಣ ಸಣ್ಣ ಹಿಟ್ಟಿನ ಉಂಡೆ. ಮನೆ ಪಕ್ಕದ ಕಬ್ಬು ಕಡಿದಿದ್ದಾರೆ, ಭತ್ತ ತುಂಬಿಟ್ಟ ವಾಡೆಗೆ ಇಲಿ ನುಗ್ಗಿವೆ ಅಂದಳು. ಗೋಡೆ ಉದ್ದಕ್ಕೂ ಒಂದೊಂದೇ ಉಂಡೆ ಇಟ್ಟುಕೊಂಡು ಹೋದಳು. ನಾನು ಬಗ್ಗಿ ಒಂದನ್ನು ಮೂಸಿದೆ. ಬೆಲ್ಲ, ಎಣ್ಣೆ. ಬೆಳ್ಳುಳ್ಳಿ ವಾಸನೆ ಇರಲಿಲ್ಲ.

"ಇವತ್ತು ಮೂರ್ನೇ ದಿನ," ಅಂದಳು. "ನಾಡಿದ್ದು ಔಸ್ದಿ ಆಕ್ತೀನಿ."

ತಲೆ ಮೇಲಿನ ಸೆರಗು ಜಾರಿತು. ಎಡಗಿವಿಯ ಹರಕು ಹಾಗೇ ಇತ್ತು. ಬಲಗಿವಿಯೂ ಹರಿದಿತ್ತು. ನಾನು ನೋಡಿದ್ದು ಅವಳು ನೋಡಿದಳು. ಸೆರಗು ಎಳೆದುಕೊಂಡು ಮುಂದಿನ ಉಂಡೆ ಇಟ್ಟಳು.

ನಾನು ಬಸ್ಸು ಹಿಡಿದು ಬಂದೆ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.